ಎರಡು ತಿಂಗಳ ಸೊನ್ನೆ

ಸೂರ್ಯನಿಂದ ಹೊರಟ ಸುಮಾರು 6,500 ಕೋಟಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಪ್ರತಿ ಸೆಕೆಂಡೂ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರನ್ನೂ ಹಾದುಹೋಗುತ್ತವೆ. ಜಪಾನಿನ ಸೂಪರ್ ಕಮಿಯೊಕಾಂಡೆಯಲ್ಲಿ 50,000 ಟನ್ ಶುದ್ಧ ನೀರು ತುಂಬಿ, ಸುತ್ತಲೂ 11,000ಕ್ಕೂ ಹೆಚ್ಚು ಬೆಳಕು ಹಿಡಿಯುವ ಬಲ್ಬುಗಳನ್ನು ಜೋಡಿಸಿ ಕಾದಾಗ, ಇವುಗಳಲ್ಲಿ ದಿನಕ್ಕೆ ಸಿಕ್ಕಿದ್ದು ಸರಾಸರಿ 15. ಈ ಹದಿನೈದು ಕಾಸ್ಮಿಕ್ ಕಿರಣಗಳ ಗದ್ದಲದಲ್ಲಿ ಮುಚ್ಚಿಹೋಗಬಾರದೆಂದೇ ಆ ತೊಟ್ಟಿಯನ್ನು 1,000 ಮೀಟರ್ ಬಂಡೆಯ ಕೆಳಗೆ ಕಟ್ಟಿದ್ದಾರೆ.

ಈ ವಿಜ್ಞಾನಕ್ಕೆ ಮೊದಲು ಬೇಕಾದದ್ದು ಆಳ. ಅದು ನಮ್ಮ ಕೋಲಾರದ ಚಿನ್ನದ ಗಣಿ ಕೆಜಿಎಫ್‌ನಲ್ಲಿ ತಯಾರಾಗಿಯೇ ಇತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಅಲ್ಲಿಗೆ ಉಪಕರಣ ಇಳಿಸಿದ್ದರು. ಕೆಳಗಿಳಿದಷ್ಟೂ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯುವಾನ್ ಕಣಗಳು ವಿರಳವಾದವು. ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಎಣಿಸಿತು. ಬಂದ ಮ್ಯುವಾನ್: ಸೊನ್ನೆ. ನ್ಯೂಟ್ರಿನೊ ಹುಡುಕಲು ಅಂಥ ನಿಶ್ಶಬ್ದದ ಜಾಗವೇ ಬೇಕು ಎಂಬುದು ಅವರಿಗೆ ಆಗಲೇ ಗೊತ್ತಾಯಿತು.

1965ರಲ್ಲಿ ಒಸಾಕಾ ಸಿಟಿ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳೊಂದಿಗೆ ಸೇರಿ 2,300 ಮೀಟರ್ ಆಳದಲ್ಲಿ ಪ್ರಯೋಗ ಶುರುವಾಯಿತು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳನ್ನು ಎದುರುಬದುರು ಗೋಡೆಗಳಂತೆ ನಿಲ್ಲಿಸಿ ನಡುವೆ ನಿಯಾನ್ ಕೊಳವೆಗಳನ್ನು ಜೋಡಿಸಿದ್ದರು. ಬಂಡೆ ದಾಟಿ ಬರುವ ಮಾಮೂಲಿ ಮ್ಯುವಾನ್ ಮೇಲಿನಿಂದ ಬೀಳುತ್ತದೆ. ಅಡ್ಡಲಾಗಿ ನುಗ್ಗಿ ಎರಡೂ ಗೋಡೆಗಳನ್ನು ಮುಟ್ಟಿದರೆ ಅದು ನ್ಯೂಟ್ರಿನೊ ಬಂಡೆಗೆ ಬಡಿದು ಹುಟ್ಟಿಸಿದ್ದು. ಆಗಸ್ಟ್‌ನಲ್ಲಿ ಫಲಿತಾಂಶ ಅಚ್ಚಾಯಿತು: ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿದ್ದರ ಬಗ್ಗೆ ಜಗತ್ತಿನಲ್ಲೇ ಮೊದಲು ಪ್ರಕಟವಾದ ವರದಿ ಕೋಲಾರದ್ದು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿದ್ದ ತಂಡದ ವರದಿ ಬಂದದ್ದು ಸುಮಾರು ಎರಡು ವಾರ ತಡವಾಗಿ. ಕೋಲಾರದ ಆ ಸರಣಿಯಲ್ಲಿ ಒಟ್ಟು ಸಿಕ್ಕ ನ್ಯೂಟ್ರಿನೊ ಗುರುತುಗಳು 18.

ಇರುವುದನ್ನೇ ಬಳಸಿಕೊಂಡರೆ ಖರ್ಚು ಹೇಗೆ ಇಳಿಯುತ್ತದೆಂಬುದಕ್ಕೆ ಕೆನಡಾದ ಸಡ್ಬರಿಯ ನ್ಯೂಟ್ರಿನೊ ಪ್ರಯೋಗವೂ ಸಾಕ್ಷಿ. ನಿಕ್ಕಲ್ ಗಣಿಯ 2,100 ಮೀಟರ್ ಆಳದಲ್ಲಿ ಬಳಸಿದ 1,000 ಟನ್ ಭಾರಜಲದ ಬೆಲೆ ಸುಮಾರು 30 ಕೋಟಿ ಕೆನಡಿಯನ್ ಡಾಲರ್. ಅದನ್ನು ಅಲ್ಲಿನ ಪರಮಾಣು ಇಂಧನ ನಿಗಮ 1 ಡಾಲರಿಗೆ ಎರವಲು ಕೊಟ್ಟಿತು. ಅಲ್ಲಿನ ಕೆಲಸಕ್ಕೆ 2015ರ ನೊಬೆಲ್ ಪಾಲು ಸಂದಿತು.

ಹೊಸದಾಗಿ ಕೊರೆಯುವ ಲೆಕ್ಕವೇ ಬೇರೆ. ಅಮೆರಿಕದ ಡ್ಯೂನ್ ಪ್ರಯೋಗ ಹಳೆಯ ಚಿನ್ನದ ಗಣಿಯಲ್ಲೇ ಇದ್ದರೂ, ಅದರ ಗುಹೆಗಳಿಗಾಗಿ ಸುಮಾರು 8 ಲಕ್ಷ ಟನ್ ಕಲ್ಲು ಹೊರತೆಗೆಯಬೇಕಾಯಿತು. ತಮಿಳುನಾಡಿನ ತೇಣಿಯಲ್ಲಿ ಬೆಟ್ಟದೊಳಗೆ ಸುಮಾರು 2 ಕಿ.ಮೀ. ಸುರಂಗ, 50,000 ಟನ್ ಕಬ್ಬಿಣದ ಅಯಸ್ಕಾಂತ ಎಂಬ ನ್ಯೂಟ್ರಿನೊ ಯೋಜನೆಗೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಸುಮಾರು 1,500 ಕೋಟಿ ರೂಪಾಯಿ ಒಪ್ಪಿತು. ಪಶ್ಚಿಮಘಟ್ಟದ ಆತಂಕ, ಊರವರ ವಿರೋಧ, ಕೋರ್ಟು ವ್ಯಾಜ್ಯಗಳಿಂದ ಅದು ನಿಂತಿತು. ಅದೇ ಜನವರಿಯಲ್ಲಿ ಚೀನಾದ ಜೂನೊ ಪ್ರಯೋಗಕ್ಕೆ ಗುದ್ದಲಿಪೂಜೆಯಾಯಿತು. ಅದು 700 ಮೀಟರ್ ಆಳದಲ್ಲಿ 20,000 ಟನ್ ಸಿಂಟಿಲೇಟರ್ ದ್ರವದೊಂದಿಗೆ 2025ರ ಆಗಸ್ಟ್‌ನಲ್ಲಿ ಎಣಿಕೆ ಶುರುಮಾಡಿತು. ನಮ್ಮ ಅಯಸ್ಕಾಂತದ 85 ಟನ್ನಿನ ಮಾದರಿ ಮಾತ್ರ ಮಧುರೈಯಲ್ಲಿ, ನೆಲದ ಮೇಲಿದೆ.

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿಯನ್ನು ಮುಚ್ಚಿದಾಗ ನಾವು ಕಳೆದುಕೊಂಡದ್ದು ಚಿನ್ನವನ್ನಷ್ಟೇ ಅಲ್ಲ, ಪುಕ್ಕಟೆ ಸಿಕ್ಕಿದ್ದ ಆಳವನ್ನೂ. ರಾಯಚೂರಿನ ಹಟ್ಟಿಯಲ್ಲಿ ಇಂದಿಗೂ ಗಣಿ ನಡೆಯುತ್ತಿದೆ. ಅಲ್ಲಿ ಕೆಲಸ ಮುಗಿದು ಬಿಡುವ ಯಾವುದೇ ಆಳದ ಕೋಣೆಗೆ ನೀರು ತುಂಬುವ ಮೊದಲು, ಸರ್ಕಾರ ಅದನ್ನೊಮ್ಮೆ ಭೌತವಿಜ್ಞಾನಿಗಳಿಗೆ ತೋರಿಸಲಿ.