ತಿಲೋನಿಯಾದಲ್ಲಿ ಪದವಿಪತ್ರ ಕೇಳುವುದಿಲ್ಲ

ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ತಿಲೋನಿಯಾ ಹಳ್ಳಿಯಲ್ಲಿ ನೆಲೆಸಲು ದೆಹಲಿಯ ಯುವಕನೊಬ್ಬ ಬಂದಾಗ ಊರ ಹಿರಿಯರಿಗೆ ಅನುಮಾನವಾಯಿತಂತೆ. ಪೊಲೀಸರು ಬೆನ್ನಟ್ಟಿದ್ದಾರೆಯೇ? ಪರೀಕ್ಷೆಯಲ್ಲಿ ನಪಾಸೇ? ಸರ್ಕಾರಿ ನೌಕರಿ ಸಿಗಲಿಲ್ಲವೇ?

ಆ ಯುವಕ ಬಂಕರ್ ರಾಯ್ ಎಂದೇ ಹೆಸರಾದ ಸಂಜಿತ್ ರಾಯ್. ಡೂನ್ ಶಾಲೆ ಮತ್ತು ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿದವರು; ಸ್ಕ್ವಾಷ್ ಆಟದ ರಾಷ್ಟ್ರೀಯ ಚಾಂಪಿಯನ್. ಬಿಹಾರದ ಬರಗಾಲವನ್ನು ಕಣ್ಣಾರೆ ಕಂಡ ಮೇಲೆ ಬಾವಿ ತೋಡುವವರೊಡನೆ ವರ್ಷಗಟ್ಟಲೆ ದುಡಿದರು. 1972ರಲ್ಲಿ ತಿಲೋನಿಯಾದ ಹಳೆಯ ಕ್ಷಯರೋಗ ಆಸ್ಪತ್ರೆಯ ಆವರಣದಲ್ಲಿ ಸಮಾಜ ಕಾರ್ಯ ಹಾಗೂ ಸಂಶೋಧನಾ ಕೇಂದ್ರವನ್ನು ತೆರೆದರು. ‘ಬೇರ್‌ಫುಟ್ ಕಾಲೇಜ್’ ಎಂದು ಜಗತ್ತು ಬಲ್ಲದ್ದು ಇದನ್ನೇ.

ಮೊದಮೊದಲು ಇಲ್ಲಿದ್ದವರು ಪೇಟೆಯಿಂದ ಬಂದ ಪದವೀಧರರು. ಅವರಲ್ಲಿ ಅನೇಕರು ಕ್ರಮೇಣ ಹೊರಟುಹೋದರು. ಅವರ ಜಾಗಕ್ಕೆ ಬಂದವರು ಸುತ್ತಲಿನ ಹಳ್ಳಿಗರು. ಕೈಪಂಪು ರಿಪೇರಿ ಮಾಡುವವರು, ಸೂಲಗಿತ್ತಿಯರು, ಗೊಂಬೆಯಾಟದವರು, ಹಗಲು ದನ ಕಾಯುವ ಮಕ್ಕಳಿಗೆ ರಾತ್ರಿ ಪಾಠ ಹೇಳುವವರು. ದೊಡ್ಡ ಪದವಿ ಇದ್ದವರಿಗೆ ಇಲ್ಲಿ ಪ್ರವೇಶವಿಲ್ಲ ಎಂದು ರಾಯ್ ಹೇಳುತ್ತ ಬಂದರು. ಸಂಬಳವೂ ಕನಿಷ್ಠ ಕೂಲಿಯ ಆಸುಪಾಸಿನದೇ.

ಸೌರದೀಪಗಳ ಸರ್ಕ್ಯೂಟ್ ಜೋಡಿಸುವುದನ್ನು ಇಲ್ಲಿ ಅಕ್ಷರ ಬಾರದ ಅಜ್ಜಿಯರಿಗೆ ಬಣ್ಣ ಮತ್ತು ಕೈಸನ್ನೆಯಿಂದ ಕಲಿಸಿದರು. ಆಫ್ರಿಕಾದಿಂದ ಬಂದವರೂ ಆರು ತಿಂಗಳಲ್ಲಿ ಕಲಿತು ಹೋಗಿದ್ದಾರೆ. ಮೊದಲು ಓದಿದಾಗ ನಾನು ನಂಬಲಿಲ್ಲ. ಆಮೇಲೆ ಹೊಳೆಯಿತು: ರೆಸಿಸ್ಟರಿನ ಬೆಲೆಯನ್ನು ನಾವೂ ಗುರುತಿಸುವುದು ಅದರ ಮೇಲಿನ ಬಣ್ಣದ ಪಟ್ಟಿಗಳಿಂದಲೇ ಅಲ್ಲವೇ? ನಮ್ಮ ಹುಡುಗರು ಆ ಬಣ್ಣಗಳ ಕ್ರಮವನ್ನು ಉರು ಹೊಡೆಯುತ್ತಾರೆ. ಬೆಸುಗೆ ಹಾಕಲು ಹೇಳಿದರೆ ಮಾತ್ರ ಕೈ ನಡುಗುತ್ತದೆ!

ಎಲ್ಲವೂ ಸುಗಮವಾಗಿತ್ತೆಂದಲ್ಲ. ಇಲ್ಲಿನ ಕಟ್ಟಡಗಳಿಗೆ ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಾಗ ವಿನ್ಯಾಸದ ಶ್ರೇಯಸ್ಸು ಹಳ್ಳಿಗರದೋ, ಕಲಿತ ವಾಸ್ತುಶಿಲ್ಪಿಯದೋ ಎಂಬ ವಿವಾದವೆದ್ದಿತು. ಸಂಸ್ಥೆ ಪ್ರಶಸ್ತಿಯನ್ನೇ ಹಿಂದಿರುಗಿಸಿತು. ಓದಿದವರ ಪಾಲನ್ನು ಅಲ್ಲಗಳೆಯುವುದೂ ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಐ.ಎ.ಎಸ್. ಬಿಟ್ಟು ಬಂದ ಅರುಣಾ ರಾಯ್ 1983ರವರೆಗೆ ಇಲ್ಲೇ ಇದ್ದರು. 1990ರಲ್ಲಿ ಸಂಗಾತಿಗಳೊಡನೆ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಹಿಂದಿನ ಹೋರಾಟದಲ್ಲಿ ಆ ಸಂಘಟನೆಯ ಪಾತ್ರ ದೊಡ್ಡದು.

ಆದರೆ ನನ್ನನ್ನು ಹೆಚ್ಚು ಕಾಡುವವರು ಹರಮಾಡಾ ಗ್ರಾಮದ ನೌರತಿ ಬಾಯಿ. ಶಾಲೆಯ ಮುಖ ಕಾಣದ ದಲಿತ ಮಹಿಳೆ, ರಸ್ತೆ ಕೆಲಸದ ಕೂಲಿ. ಬರಪರಿಹಾರ ಕಾಮಗಾರಿಯಲ್ಲಿ ಪೂರ್ತಿ ಕೂಲಿ ಕೊಡದಿದ್ದಾಗ ಹೆಂಗಸರನ್ನು ಕಟ್ಟಿಕೊಂಡು ಎದುರು ನಿಂತರು. ಬಂಕರ್ ರಾಯ್ ಸುಪ್ರೀಂ ಕೋರ್ಟಿಗೆ ಹೋದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು ಸಂವಿಧಾನದ 23ನೆಯ ವಿಧಿಗೆ ವಿರುದ್ಧವೆಂದು 1983ರಲ್ಲಿ ತೀರ್ಪು ಬಂತು. ನೌರತಿ ಬಾಯಿ ತಿಲೋನಿಯಾದಲ್ಲಿ ಅಕ್ಷರ ಕಲಿತರು, ಮುಂದೆ ಕಂಪ್ಯೂಟರ್ ಕಲಿತರು. 2010ರಲ್ಲಿ ತಮ್ಮೂರಿನ ಸರಪಂಚರಾದರು.

2014ರ ಡಿಸೆಂಬರಿನಲ್ಲಿ ರಾಜಸ್ಥಾನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು: ಸಾಮಾನ್ಯ ಪ್ರದೇಶಗಳಲ್ಲಿ ಸರಪಂಚರಾಗಲು ಎಂಟನೆಯ ತರಗತಿ ಪಾಸಾಗಿರಬೇಕು. ಕಂಪ್ಯೂಟರ್ ಬಲ್ಲ ನೌರತಿ ಬಾಯಿಯ ಬಳಿ ಆ ಸರ್ಟಿಫಿಕೇಟ್ ಇರಲಿಲ್ಲ. 2015ರ ಚುನಾವಣೆಗೆ ಅವರು ನಿಲ್ಲುವಂತಿರಲಿಲ್ಲ. ನಿಬಂಧನೆ ರದ್ದಾದದ್ದು 2019ರಲ್ಲಿ, ಬೇರೆ ಸರ್ಕಾರ ಬಂದ ಮೇಲೆ. ಆ ವೇಳೆಗೆ ನಾಲ್ಕು ವರ್ಷ ಕಳೆದಿತ್ತು.