ಗಾಜಿನ ಪಾತ್ರೆಯಲ್ಲಿ ಜೀವಕಣಗಳ ಬೇಸಾಯ

ಪರದೇಶದಲ್ಲಿ ವಿದ್ಯೆ ಕಲಿತು ಬಂದವರು ಅನೇಕರಿದ್ದಾರೆ. ಆ ವಿದ್ಯೆಗೆ ಸ್ವದೇಶದಲ್ಲಿ ಮನೆಯನ್ನು ಕಟ್ಟಿಕೊಟ್ಟವರು ವಿರಳ. ಡಾ. ಕಮಲ್ ರಣದಿವೆಯವರು ಈ ವಿರಳರ ಪಂಕ್ತಿಗೆ ಸೇರಿದವರು.

೧೯೧೭ರಲ್ಲಿ ಪುಣೆಯಲ್ಲಿ ಜನಿಸಿದ ಈ ವಿದುಷಿಯು ಮೊದಲು ಸೀತಾಫಲದ ಕುಲದ ಸಸ್ಯಗಳ ಜೀವಕಣಗಳನ್ನು ಪರಿಶೀಲಿಸಿ, ಅನಂತರ ಮುಂಬಯಿಯಲ್ಲಿ ಡಾ. ಖಾನೋಲ್ಕರರ ಮಾರ್ಗದರ್ಶನದಲ್ಲಿ ಅರ್ಬುದರೋಗದ ಶೋಧನೆಗೆ ಕೈಹಾಕಿ, ೧೯೪೯ರಲ್ಲಿ ಡಾಕ್ಟರ್ ಪದವಿಯನ್ನು ಸಂಪಾದಿಸಿದರು. ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಗೈ ಎಂಬ ಪಂಡಿತರ ಬಳಿಯಲ್ಲಿ ವ್ಯಾಸಂಗ ಮಾಡಿದರು. ಜೀವಕಣಗಳನ್ನು ಶರೀರದಿಂದ ಬೇರ್ಪಡಿಸಿ, ಪೋಷಕದ್ರವದಲ್ಲಿಟ್ಟು ಬೆಳೆಯಿಸುವ ಕ್ರಮದಲ್ಲಿ ಆ ಪಂಡಿತರು ಪ್ರಖ್ಯಾತರು. ಹಿಂದಿರುಗಿ ಬಂದು ಮುಂಬಯಿಯ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ಅಂತಹ ಪ್ರಯೋಗಶಾಲೆಯನ್ನು ದೇಶದಲ್ಲಿಯೇ ಮೊತ್ತಮೊದಲು ಸ್ಥಾಪಿಸಿದರು. ಇಲಿಗಳ ಬೇರೆ ಬೇರೆ ವಂಶಗಳನ್ನು ಹೋಲಿಸಿ, ಸ್ತನದ ಅರ್ಬುದಕ್ಕೂ ಹಾರ್ಮೋನು, ವೈರಸುಗಳಿಗೂ ಇರುವ ಸಂಬಂಧವನ್ನು ಶೋಧಿಸಿದರು. ಕುಷ್ಠರೋಗದ ಸೂಕ್ಷ್ಮಾಣುಗಳ ಮೇಲೆಯೂ ದುಡಿದರು. ಅವರ ಪ್ರಕಟಿತ ಪ್ರಬಂಧಗಳು ಇನ್ನೂರಕ್ಕೂ ಮಿಗಿಲು.

ಇಲಿ ಸಾಕಿದುದರಿಂದ ರೋಗಿಗೆ ಬಂದ ಫಲವೇನೆಂದು ಲೆಕ್ಕ ಕೇಳುವ ಮಹನೀಯರುಂಟು. ರೋಗದ ಮೂಲವನ್ನರಿಯದೆ ಔಷಧವನ್ನು ಹುಡುಕುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ. ಆ ಮೂಲವನ್ನು ಅರಸುವ ಕೈಗಳು ನಮ್ಮಲ್ಲಿಯೇ ಇಲ್ಲವಾದರೆ, ಪ್ರತಿಯೊಂದಕ್ಕೂ ಪರರ ಬಾಗಿಲನ್ನು ಕಾಯಬೇಕಾದೀತು.

೧೯೭೩ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸ್ಥಾಪನೆಗೆ ಮುಂದಾದ ಇವರಿಗೆ ೧೯೮೨ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಸಂದಿತು, ೨೦೦೧ರಲ್ಲಿ ದಿವಂಗತರಾದರು. ಬಿರುದನ್ನಿತ್ತ ಮಾತ್ರಕ್ಕೆ ದೇಶದ ಋಣವು ತೀರಲಿಲ್ಲ. ಜೀವಕಣಗಳ ಬೇಸಾಯಕ್ಕೆ ರಜೆಯೆಂಬುದಿಲ್ಲ. ಪೋಷಕದ್ರವವು ಒಂದು ವಾರ ತಪ್ಪಿದರೆ ವರ್ಷಗಳ ಶ್ರಮ ವ್ಯರ್ಥ. ಆಯವ್ಯಯವನ್ನು ಸಿದ್ಧಪಡಿಸುವ ಅಧಿಕಾರಿಗಳು ಇದೊಂದನ್ನು ನೆನಪಿನಲ್ಲಿಟ್ಟರೆ, ಅದೇ ಆ ವಿದುಷಿಗೆ ಸಲ್ಲಿಸುವ ನಿಜವಾದ ಗೌರವವೆಂದು ನಮ್ಮ ಭಾವನೆ.