ಸಂಧಾನಕ್ಕೆ ಪಕ್ಕದ ವೈರಿಯನ್ನೂ ಕರೆಯಬೇಕಾ?

1792ರ ಫೆಬ್ರವರಿ. ಪಾಂಡವಪುರದ ಪಕ್ಕ, ಫ್ರೆಂಚ್ ರಾಕ್ಸ್ ಬಳಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಡೇರೆ ಹಾಕಿತ್ತು. ಜೊತೆಗೆ ಮರಾಠರು, ನಿಜಾಮರ ದಂಡು. ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಮೈಸೂರಿನ ಟಿಪ್ಪುವಿನ ಅರ್ಧ ರಾಜ್ಯ ಮೂವರಿಗೂ ಹಂಚಿಕೆ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಅವನ ಇಬ್ಬರು ಚಿಕ್ಕ ಮಕ್ಕಳು. ಆನೆ ಮೇಲೆ ಕೂತು ಕೋಟೆ ಬಿಟ್ಟು ಹೊರಟ ಆ ಮಕ್ಕಳನ್ನು ನೆನೆದರೆ ಈಗಲೂ ಕರುಳು ಚುರುಕ್ ಅನ್ನುತ್ತೆ.

ಅದಕ್ಕೂ ಮೊದಲು, 1784ರ ಮಂಗಳೂರು ಒಪ್ಪಂದದಲ್ಲಿ ಇದ್ದದ್ದು ಟಿಪ್ಪು, ಕಂಪನಿ ಇಬ್ಬರೇ. ಹೊರಗುಳಿದ ಮರಾಠರೂ ನಿಜಾಮರೂ ಎರಡೇ ವರ್ಷದಲ್ಲಿ ಮೈಸೂರಿನ ಮೇಲೆ ದಂಡೆತ್ತಿ ಬಂದರು. ವೈರಿಯನ್ನು ಹೊರಗಿಡಬಾರದು ಅಂತ ನಾನು ಹೇಳೋದು ಇದಕ್ಕೇ.

ಆದರೆ 1792ರಲ್ಲಿ ಅವರು ಬಂದದ್ದು ಪಾಲಿಗಾಗಿ. ಏಳೇ ವರ್ಷಕ್ಕೆ ಶ್ರೀರಂಗಪಟ್ಟಣದ ಕೋಟೆ ಬಿತ್ತು. 1818ರಲ್ಲಿ, ಪಾಲು ಪಡೆದಿದ್ದ ಮರಾಠರ ಪೇಶ್ವೆಯ ರಾಜ್ಯವನ್ನೂ ಕಂಪನಿಯೇ ನುಂಗಿತು.